ಮಾತ್ರೆ ಬಿಟ್ಟು ಖರ್ಜೂರ ಹಿಡಿಯಬೇಡಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಖರ್ಜೂರದ್ದೇ. ಪ್ರತಿ ವರ್ಷವೂ ಹೀಗೇ. ರಂಜಾನ್ ಬಂತೆಂದರೆ ಕೋಲಾರದ ಕ್ಲಾಕ್ ಟವರ್ ಕಡೆ ಗಾಡಿಗಳ ಮೇಲೆ ಖರ್ಜೂರ ರಾಶಿ ಬೀಳುತ್ತದೆ, ಜೊತೆಗೆ ಮೊಬೈಲ್‌ಗೆ ಮನೆಮದ್ದಿನ ಸಲಹೆಗಳೂ ಬಂದು ಬೀಳುತ್ತವೆ. ಹಣ್ಣಿನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ, ನಮ್ಮ ಮನೆಯಲ್ಲೂ ಒಂದು ಡಬ್ಬಿ ಇದ್ದೇ ಇರುತ್ತದೆ. ಆದರೆ ಒಂದು ತಪ್ಪನ್ನು ಮಾತ್ರ ನೋಡಿ ನೋಡಿ ಸಾಕಾಗಿದೆ. ಅದಕ್ಕೇ ಆ ಪ್ರಶ್ನೆಗೆ ಇವತ್ತು ಜಾಸ್ತಿ ಜಾಗ.

ಪ್ರಶ್ನೆ: ಮಗಳಿಗೆ 16 ವರ್ಷ. ಹಿಮೋಗ್ಲೋಬಿನ್ 8.6 ಇದೆ. ಕಬ್ಬಿಣಾಂಶದ ಮಾತ್ರೆ ತಗೊಂಡರೆ ವಾಂತಿ ಬಂದ ಹಾಗಾಗುತ್ತೆ ಅಂತಾಳೆ, ಅದಕ್ಕೇ ನಿಲ್ಲಿಸಿದ್ದೇವೆ. ಎರಡು ತಿಂಗಳಿಂದ ಜೇನಿನಲ್ಲಿ ನೆನೆಸಿದ ಖರ್ಜೂರ ದಿನಾ ಮೂರು ಕೊಡುತ್ತಿದ್ದೇವೆ. ಇನ್ನೂ ಎಷ್ಟು ಕೊಟ್ಟರೆ ರಕ್ತ ಆಗುತ್ತೆ? (ಮಾಲೂರು ಕಡೆಯ ಒಬ್ಬ ತಾಯಿ)

ಉತ್ತರ: ಎಷ್ಟು ಕೊಟ್ಟರೂ ಆಗುವುದಿಲ್ಲ ತಾಯಿ. ಮೊದಲು ಮಾತ್ರೆ ಮತ್ತೆ ಶುರು ಮಾಡಿಸಿ, ಆಮೇಲೆ ಮುಂದೆ ಓದಿ.

ಲೆಕ್ಕ ನೀವೇ ನೋಡಿ. ಬೀಜ ತೆಗೆದ ಸಾಧಾರಣ ಖರ್ಜೂರ ಒಂದು 7-8 ಗ್ರಾಂ ತೂಗುತ್ತದೆ. ಮೂರು ಅಂದರೆ 24 ಗ್ರಾಂ. ಅಮೆರಿಕದ ಆಹಾರ ಪಟ್ಟಿ ಪ್ರಕಾರ 100 ಗ್ರಾಂ ಖರ್ಜೂರದಲ್ಲಿ ಕಬ್ಬಿಣ ಸುಮಾರು 1 ಮಿಲಿಗ್ರಾಂ. ಹಾಗಾದರೆ ನಿಮ್ಮ ಮಗಳಿಗೆ ದಿನಕ್ಕೆ ಸಿಕ್ಕಿದ್ದು ಕಾಲು ಮಿಲಿಗ್ರಾಂ. ನಮ್ಮ ದೇಶದ ಹಳೆಯ ಪಟ್ಟಿಯಲ್ಲಿ 7 ಮಿಲಿಗ್ರಾಂ ಅಂತ ಇದೆ, ಮನೆಮದ್ದು ಹೇಳುವವರು ಹಿಡಿದುಕೊಳ್ಳುವುದು ಅದನ್ನೇ. ಸರಿ, ಅದನ್ನೇ ಒಪ್ಪಿಕೊಳ್ಳೋಣ. ಆಗಲೂ ಮೂರು ಹಣ್ಣಿಗೆ ಎರಡು ಮಿಲಿಗ್ರಾಂ ಕೂಡ ಆಗುವುದಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಕೊಡುವ ಒಂದು ಮಾತ್ರೆಯಲ್ಲಿ 60 ಮಿಲಿಗ್ರಾಂ ಇರುತ್ತದೆ. ಆ ಒಂದು ಮಾತ್ರೆಗೆ ಸಮ ಆಗಬೇಕಾದರೆ ದಿನಕ್ಕೆ 100ಕ್ಕಿಂತ ಜಾಸ್ತಿ ಖರ್ಜೂರ ತಿನ್ನಬೇಕು. ಇದು ಖರ್ಜೂರದ ಪರವಾಗಿ ಹಾಕಿದ ಲೆಕ್ಕ!

ಇನ್ನೊಂದು ಮಾತು. ಗಿಡದಿಂದ ಬರುವ ಕಬ್ಬಿಣ ಪೂರ್ತಿ ಮೈಗೆ ಹತ್ತುವುದಿಲ್ಲ, ನೂರರಲ್ಲಿ ಐದು ಹತ್ತು ಪಾಲು ಹತ್ತಿದರೆ ಹೆಚ್ಚು. ಜೇನು ಅದಕ್ಕೆ ಏನನ್ನೂ ಸೇರಿಸುವುದಿಲ್ಲ, ಸಕ್ಕರೆಯ ಮೇಲೆ ಸಕ್ಕರೆ ಅಷ್ಟೇ.

ಹೋದ ವರ್ಷ ಇದೇ ವಯಸ್ಸಿನ ಒಬ್ಬ ಹುಡುಗಿಯನ್ನು ಅವಳ ಅಮ್ಮ ಕರೆದುಕೊಂಡು ಬಂದಿದ್ದರು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ, ಒಳಗೆ ಕೆಂಪೇ ಇಲ್ಲ, ಸುಣ್ಣ ಬಳಿದ ಹಾಗೆ. ಉಗುರು ಮಂಕು. ಮೆಟ್ಟಿಲು ಹತ್ತಿದರೆ ಎದೆ ಡವಡವ ಅನ್ನುತ್ತೆ ಅಂದಳು. 'ಅಕ್ಕಿ ತಿಂತೀಯಾ?' ಅಂತ ಕೇಳಿದೆ. ತಲೆ ತಗ್ಗಿಸಿದಳು. ಅಮ್ಮನಿಗೆ ಗೊತ್ತಿಲ್ಲದ ಹಾಗೆ ದಿನಾ ಒಂದು ಹಿಡಿ ಹಸಿ ಅಕ್ಕಿ ತಿನ್ನುತ್ತಿದ್ದಳು. ಅಕ್ಕಿ, ಸೀಮೆಸುಣ್ಣ, ಮಣ್ಣು ತಿನ್ನಬೇಕು ಅನ್ನಿಸುವುದು ಎಷ್ಟೋ ಸಲ ಕಬ್ಬಿಣ ಕಡಿಮೆಯಾಗಿರುವ ಗುರುತು. ಬೈಯಬೇಡಿ, ರಕ್ತ ಪರೀಕ್ಷೆ ಮಾಡಿಸಿ. ಆ ತಾಯಿ ಮಾತ್ರೆ ನಿಲ್ಲಿಸಿರಲಿಲ್ಲ. ಆದರೆ ಖರ್ಜೂರ ಅರೆದು ಹಾಕಿದ ಒಂದು ದೊಡ್ಡ ಲೋಟ ಹಾಲಿನ ಜೊತೆಗೇ ಮಾತ್ರೆ ನುಂಗಿಸುತ್ತಿದ್ದರು. ಹಾಲಿನ ಕ್ಯಾಲ್ಸಿಯಂ ಕಬ್ಬಿಣವನ್ನು ಒಳಗೆ ಸೇರಲು ಬಿಡುವುದಿಲ್ಲ. ಪ್ರೀತಿಯಿಂದ ಕೊಟ್ಟ ಹಾಲೇ ಮಾತ್ರೆಗೆ ಅಡ್ಡ ಬಂದಿತ್ತು. ಹಾಲನ್ನು ಸಂಜೆಗೆ ಹಾಕಿ, ಮಾತ್ರೆಯನ್ನು ನಿಂಬೆ ಶರಬತ್ತಿನ ಜೊತೆ ಕೊಡಿ ಅಂದೆ. ಮುಂದಿನ ತಿಂಗಳ ಪರೀಕ್ಷೆಯಲ್ಲಿ ಅಂಕಿ ಏರಿತ್ತು.

ನಿಮ್ಮ ಮಗಳಿಗೂ ಇದನ್ನೇ ಹೇಳುತ್ತೇನೆ. ವಾಕರಿಕೆ ಬಂದರೆ ಖಾಲಿ ಹೊಟ್ಟೆಯಲ್ಲಿ ಬೇಡ, ರಾತ್ರಿ ಊಟ ಆದ ಮೇಲೆ ಕೊಡಿ. ಕಾಫಿ, ಟೀ, ಹಾಲು, ಕ್ಯಾಲ್ಸಿಯಂ ಮಾತ್ರೆ ಯಾವುದೂ ಅದರ ಹಿಂದೆ ಮುಂದೆ ಒಂದೆರಡು ಗಂಟೆ ಬೇಡ. ಮಲ ಕಪ್ಪಾಗುತ್ತದೆ, ಹೆದರಬೇಡಿ. ಆಗಲೂ ಸಹಿಸಲು ಆಗದಿದ್ದರೆ ಡಾಕ್ಟರಿಗೆ ಹೇಳಿ, ಬೇರೆ ಮಾತ್ರೆ ಬರೆದುಕೊಡುತ್ತಾರೆ. ನೀವಾಗಿ ನಿಲ್ಲಿಸಬೇಡಿ. ಹಿಮೋಗ್ಲೋಬಿನ್ ತಿಂಗಳಲ್ಲಿ 1 ಗ್ರಾಂ ಆದರೂ ಏರಬೇಕು. ಏರದಿದ್ದರೆ ಕಾರಣ ಹುಡುಕಬೇಕು. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತಿದೆಯಾ, ಜಂತುಹುಳು ಇದೆಯಾ, ಬಿ12 ಕಡಿಮೆ ಇದೆಯಾ, ಥಲಸ್ಸೀಮಿಯಾ (ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ) ಇದೆಯಾ. ಇದನ್ನೆಲ್ಲ ಖರ್ಜೂರದ ಡಬ್ಬಿ ಹೇಳುವುದಿಲ್ಲ. ಅಂಕಿ 12 ದಾಟಿತು ಅಂತ ಅವತ್ತೇ ನಿಲ್ಲಿಸಲೂ ಬೇಡಿ, ಮೈಯಲ್ಲಿ ದಾಸ್ತಾನು ತುಂಬಲು ಇನ್ನೂ ಕೆಲವು ತಿಂಗಳು ಬೇಕು.

ಊಟದಲ್ಲೇ ಕಬ್ಬಿಣ ಬೇಕೆಂದರೆ ನಮ್ಮ ಸೀಮೆಯ ಅಡುಗೆಮನೆ ಬಡವಾಗಿಲ್ಲ. ರಾಗಿಯಲ್ಲೇ 100 ಗ್ರಾಂಗೆ 4 ಮಿಲಿಗ್ರಾಂ ಆಸುಪಾಸು ಇದೆ. ಮೊಳಕೆ ಕಟ್ಟಿ ಹಿಟ್ಟು ಮಾಡಿದರೆ ಮೈಗೆ ಇನ್ನೂ ಚೆನ್ನಾಗಿ ಹತ್ತುತ್ತದೆ. ಹುರುಳಿ ಬಸ್ಸಾರಿಗೆ ನಿಂಬೆ ಹಿಂಡಿ. ಮಾಂಸ ತಿನ್ನುವ ಮನೆಯಾದರೆ ಕೊಡಿ, ಅದರ ಕಬ್ಬಿಣ ಎಲ್ಲಕ್ಕಿಂತ ಬೇಗ ಹತ್ತುತ್ತದೆ.

ಖರ್ಜೂರವನ್ನು ಬಿಸಾಡಬೇಕಾಗಿಲ್ಲ. ಕಬ್ಬಿಣದ ಮಾತ್ರೆಯಿಂದ ಎಷ್ಟೋ ಜನಕ್ಕೆ ಮಲಬದ್ಧತೆ ಆಗುತ್ತದೆ. ಖರ್ಜೂರದಲ್ಲಿ 100 ಗ್ರಾಂಗೆ 7-8 ಗ್ರಾಂ ನಾರು ಇದೆ. ದಿನಾ ಮೂರು ತಿಂದು ಚೆನ್ನಾಗಿ ನೀರು ಕುಡಿದರೆ ಮಲ ಸಲೀಸಾಗಿ ಹೋಗುತ್ತದೆ. ಮಾತ್ರೆಯ ಜಾಗದಲ್ಲಿ ಅಲ್ಲ, ಮಾತ್ರೆಯ ಪಕ್ಕದಲ್ಲಿ ಇರಲಿ.

ಪ್ರಶ್ನೆ: ಖರ್ಜೂರದ್ದು ನೈಸರ್ಗಿಕ ಸಕ್ಕರೆ, ಶುಗರ್ ಇರುವವರು ಎಷ್ಟು ಬೇಕಾದರೂ ತಿನ್ನಬಹುದು ಅಂತಾರೆ, ನಿಜವಾ?

ಉತ್ತರ: ಸುಳ್ಳು. ಹಣ್ಣಿನ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಸಕ್ಕರೆಯೇ. ಐದು ಖರ್ಜೂರ ಅಂದರೆ ಐದಾರು ಚಮಚ ಸಕ್ಕರೆ. ನಾರು ಇರುವುದರಿಂದ ರಕ್ತಕ್ಕೆ ಸ್ವಲ್ಪ ನಿಧಾನವಾಗಿ ಏರುತ್ತದೆ ಅನ್ನುವುದು ನಿಜ, ಏರುವುದೇ ಇಲ್ಲ ಅನ್ನುವುದು ಅಲ್ಲ. ಶುಗರ್ ಹತೋಟಿಯಲ್ಲಿದ್ದರೆ ಒಂದೋ ಎರಡೋ ತಿನ್ನಿ, ಅವತ್ತು ಬೇರೆ ಸಿಹಿ ಬಿಡಿ. ಪಾಯಸಕ್ಕೆ ಬೆಲ್ಲದ ಬದಲು ಖರ್ಜೂರದ ಸಿರಪ್ ಸುರಿದು 'ಶುಗರ್‌ಲೆಸ್' ಅಂತ ಅಜ್ಜನಿಗೆ ಬಡಿಸಬೇಡಿ.

ಪ್ರಶ್ನೆ: ಬೀಜ ಹುರಿದು ಪುಡಿ ಮಾಡಿ ಕುಡಿದರೆ ಶುಗರ್ ಮಾತ್ರೆ ಬಿಡಬಹುದಂತೆ?

ಉತ್ತರ: ಬಿಡಬೇಡಿ. ಹೀಗೆ ಹೇಳಿ ಪುಡಿ ಮಾರುವವರ ಹತ್ತಿರ ಮತ್ತೆ ಹೋಗಬೇಡಿ.

ಪ್ರಶ್ನೆ: ಕಿಡ್ನಿ ತೊಂದರೆ ಇದೆ, ಶಕ್ತಿಗೆ ಖರ್ಜೂರ ತಿನ್ನಬಹುದಾ?

ಉತ್ತರ: ನಿಮ್ಮ ಡಾಕ್ಟರನ್ನು ಕೇಳದೆ ಒಂದೂ ಬೇಡ. ಇದರಲ್ಲಿ ಪೊಟ್ಯಾಸಿಯಂ ಜಾಸ್ತಿ. ಸೋತ ಕಿಡ್ನಿ ಅದನ್ನು ಹೊರಗೆ ಹಾಕಲಾರದು, ಹೃದಯದ ಬಡಿತವೇ ಏರುಪೇರಾಗಬಹುದು.

ಪ್ರಶ್ನೆ: ಬಸುರಿಗೆ ಖರ್ಜೂರ ಉಷ್ಣ ಅಂತ ಅತ್ತೆ ಬಿಡುತ್ತಿಲ್ಲ.

ಉತ್ತರ: ದಿನಕ್ಕೆ ಎರಡು ಮೂರು ತಿಂದರೆ ಏನೂ ಆಗುವುದಿಲ್ಲ. ಜೋರ್ಡಾನ್ ದೇಶದಲ್ಲಿ ನಡೆದ ಒಂದು ಸಣ್ಣ ಅಧ್ಯಯನದಲ್ಲಿ ಹೆರಿಗೆಗೆ ಮುಂಚಿನ 4 ವಾರ ದಿನಾ 6 ಖರ್ಜೂರ ತಿಂದ ಹೆಂಗಸರಲ್ಲಿ ನೋವು ತಾನಾಗಿಯೇ ಶುರುವಾದವರು ಜಾಸ್ತಿ ಇದ್ದರು. ಅತ್ತೆಯವರಿಗೆ ಇದನ್ನು ಓದಿ ಹೇಳಿ. ಆದರೆ ಬಸುರಿನಲ್ಲಿ ಶುಗರ್ ಬಂದಿದ್ದರೆ ಕೇಳಿಯೇ ತಿನ್ನಿ.

ಪ್ರಶ್ನೆ: ಬೆಳಿಗ್ಗೆ ಖಾಲಿ ಹೊಟ್ಟೆಗೋ, ರಾತ್ರಿಯೋ?

ಉತ್ತರ: ಯಾವಾಗಲಾದರೂ. ರಾತ್ರಿ ತಿಂದರೆ ಹಲ್ಲು ಉಜ್ಜಿ ಮಲಗಿ, ಅಂಟು ಹಲ್ಲಿನ ಸಂದಿಯಲ್ಲಿ ಉಳಿಯುತ್ತದೆ. ಮಕ್ಕಳಿಗಂತೂ ಇದು ಮುಖ್ಯ.

ಪ್ರಶ್ನೆ: ನಮ್ಮ ಹೊಲದ ಬದುವಿನಲ್ಲಿ ಈಚಲು ಮರ ಇದೆ. ಅದರ ಹಣ್ಣೂ ಖರ್ಜೂರವೇ ಅಲ್ವಾ? (ಚಿಂತಾಮಣಿಯ ರೈತರೊಬ್ಬರು)

ಉತ್ತರ: ಅದೇ ಮರ ಅಲ್ಲ, ಅದರ ದಾಯಾದಿ. ಒಂದೇ ಕುಲ, ಜಾತಿ ಬೇರೆ. ಈಚಲ ಹಣ್ಣಿನಲ್ಲಿ ಬೀಜವೇ ಜಾಸ್ತಿ, ಮೇಲೆ ತೆಳ್ಳಗೆ ಒಂದು ಪದರ ತಿರುಳು, ಕಾಯಿದ್ದಾಗ ನಾಲಿಗೆ ಹಿಡಿಯುವಷ್ಟು ಒಗರು. ಖರ್ಜೂರಕ್ಕೆ ಹಣ್ಣಾಗುವ ಹೊತ್ತಿನಲ್ಲಿ ಒಣ ಬಿಸಿಲು ಬೇಕು. ನಮ್ಮಲ್ಲಿ ಅಷ್ಟು ಹೊತ್ತಿಗೆ ಮಳೆ ಬಂದು ಕೆಡಿಸುತ್ತದೆ. ಚಿಕ್ಕವಳಿದ್ದಾಗ ಕೆರೆ ಏರಿಯ ಈಚಲು ಮರದ ಕೆಳಗೆ ಉದುರಿದ ಹಣ್ಣನ್ನು ಲಂಗದಲ್ಲಿ ಒರೆಸಿಕೊಂಡು ತಿಂದಿದ್ದೇನೆ. ಈಗ ಆ ಮರಗಳು ಕಮ್ಮಿಯಾಗುತ್ತಿವೆ. ನಿಮ್ಮದನ್ನು ಕಡಿಸಬೇಡಿ, ಹಣ್ಣು ಬಿದ್ದಾಗ ತೊಳೆದು ಮಕ್ಕಳಿಗೆ ಕೊಡಿ. ತೀರಾ ಚಿಕ್ಕವರಿಗೆ ಬೀಜ ತೆಗೆದು ಕೊಡಿ, ಗಂಟಲಿಗೆ ಸಿಕ್ಕೀತು.