ಕೋಲಾರದಲ್ಲಿ ನಲ್ಲಿ ನೀರನ್ನು ಕುದಿಸಿ ಕುಡಿದರೆ ಸಾಕೇ?

ಸಾಲದು. ಕುದಿಸಿದರೆ ಕ್ರಿಮಿಗಳು ಸಾಯುತ್ತವೆ, ವಾಂತಿಭೇದಿ, ಟೈಫಾಯ್ಡ್ ಭಯ ತಪ್ಪುತ್ತದೆ. ಆದರೆ ನಮ್ಮ ಕಡೆಯ ದೊಡ್ಡ ತೊಂದರೆ ನೀರಿನಲ್ಲಿ ಕರಗಿರುವ ಫ್ಲೋರೈಡ್ ಎಂಬ ಖನಿಜಾಂಶ. ಅದು ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಜಾಸ್ತಿಯೇ ಆಗುತ್ತದೆ.

ಇಲ್ಲಿ ವರ್ಷಪೂರ್ತಿ ಹರಿಯುವ ನದಿ ಇಲ್ಲ, ಹೆಚ್ಚಿನ ಕಡೆ ಬೋರ್‌ವೆಲ್ಲೇ ಗತಿ. ಆಳದ ಬಂಡೆಯ ಸಂದಿಯಲ್ಲಿ ವರ್ಷಗಟ್ಟಲೆ ನಿಂತ ನೀರಿಗೆ ಕಲ್ಲಿನ ಫ್ಲೋರೈಡ್ ಕರಗಿ ಸೇರುತ್ತದೆ. ಬಣ್ಣ, ವಾಸನೆಯಿಂದ ಗೊತ್ತಾಗುವುದಿಲ್ಲ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಸಿಗದಿದ್ದರೆ 1.5 ರವರೆಗೆ ಇರಬಹುದು. ಅದನ್ನು ಮೀರಿದ ನೀರನ್ನು ಕುಡಿಯುತ್ತಾ ಬೆಳೆದ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ. ಪ್ರಮಾಣ ಇನ್ನೂ ಜಾಸ್ತಿ ಇದ್ದರೆ ವರ್ಷಗಳು ಕಳೆದಂತೆ ಮೂಳೆ, ಕೀಲು ಬಿಗಿಯುತ್ತವೆ. ಚಿಕ್ಕ ಮಕ್ಕಳಿರುವ ಮನೆಯವರು ದಯವಿಟ್ಟು ಸುಮ್ನೆ ಕೂರಬೇಡಿ.

ಮೊದಲು ನೀರನ್ನು ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಿ. ಗೊಬ್ಬರ, ಕೊಳಚೆಯಿಂದ ನೀರಿಗೆ ಸೇರುವ ನೈಟ್ರೇಟ್ ಕೂಡ ನೋಡಲು ಹೇಳಿ, ಅದರ ಮಿತಿ ಲೀಟರಿಗೆ 45 ಮಿಲಿಗ್ರಾಂ. ಫ್ಲೋರೈಡ್ ಜಾಸ್ತಿ ಇದ್ದರೆ ಆರ್‌ಒ, ಅಂದರೆ ಸೂಕ್ಷ್ಮ ಪೊರೆಯ ಮೂಲಕ ನೀರನ್ನು ಒತ್ತಿ ಸೋಸುವ ಫಿಲ್ಟರ್ ಬೇಕು. ಬರೀ ಯುವಿ (ಕ್ರಿಮಿ ಕೊಲ್ಲುವ ನೇರಳಾತೀತ ಬೆಳಕು) ಇರುವ ಫಿಲ್ಟರ್ ಅದನ್ನು ತೆಗೆಯುವುದಿಲ್ಲ. ಅಡುಗೆಗೂ ಆರ್‌ಒ ನೀರನ್ನೇ ಬಳಸಿ. ಮುದ್ದೆ, ಸಾರಿಗೆ ಹಾಕಿದ ನೀರೂ ಹೊಟ್ಟೆಗೇ ಹೋಗುತ್ತದೆ ಅಲ್ವಾ?