ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟ ಮಾತ್ರೆ
ಓದುಗರ ಪ್ರಶ್ನೆ, ಮನೋವೈದ್ಯರ ಉತ್ತರ

ಪ್ರಶ್ನೆ: ನನಗೆ 28 ವರ್ಷ, ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನವಳು. ಖಿನ್ನತೆಗೆಂದು ಎರಡು ವರ್ಷಗಳಿಂದ ಮಂಗಳೂರಿನ ವೈದ್ಯರು ಬರೆದುಕೊಟ್ಟ ಸರ್ಟ್ರಲಿನ್ 50 ಮಿಲಿಗ್ರಾಂ ಮಾತ್ರೆ ತೆಗೆದುಕೊಳ್ಳುತ್ತಿದ್ದೆ, ಆರಾಮವಾಗಿದ್ದೆ. ಈಗ ಐದು ತಿಂಗಳ ಬಸುರಿ. ‘ತಲೆಯ ಮದ್ದು ಹೊಟ್ಟೆಯ ಮಗುವಿಗೆ ಇಳಿಯುತ್ತದೆ, ಮಗು ಮಂಕಾಗುತ್ತದೆ’ ಎಂದು ಅತ್ತೆ ಹೇಳಿದ್ದರಿಂದ ಮೂರು ವಾರಗಳ ಹಿಂದೆ ಮಾತ್ರೆ ನಿಲ್ಲಿಸಿ, ಉಳಿದ ಸ್ಟ್ರಿಪ್ಪನ್ನು ಅಕ್ಕಿ ಡಬ್ಬಿಯೊಳಗೆ ಇಟ್ಟಿದ್ದೇನೆ. ಈಗ ರಾತ್ರಿ ಎರಡಕ್ಕೆ ಎಚ್ಚರವಾದರೆ ಮತ್ತೆ ನಿದ್ರೆಯಿಲ್ಲ, ಊಟ ಸೇರುವುದಿಲ್ಲ, ಮಗು ಒದ್ದರೂ ಸಂತೋಷವೆನಿಸುವುದಿಲ್ಲ. ನಮ್ಮೂರಿನ ಎಂಡೋಸಲ್ಫಾನ್ ಪೀಡಿತ ಮಕ್ಕಳನ್ನು ನೋಡುತ್ತಾ ಬೆಳೆದವಳಿಗೆ ಗರ್ಭಕ್ಕೆ ರಾಸಾಯನಿಕ ಸೇರುವುದೆಂದರೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಮಗುವಿನ ಮನಸ್ಸಿಗೆ ಯಾವುದು ಕೆಡುಕು, ಮದ್ದೋ, ನನ್ನ ಈ ಸ್ಥಿತಿಯೋ? (ಹೆಸರು ಬೇಡ)

ಉತ್ತರ: ಪತ್ರದ ಕೊನೆಯ ಮಾತಿನಿಂದಲೇ ಆರಂಭಿಸುತ್ತೇನೆ. ಗೇರು ತೋಟಗಳ ಮೇಲೆ ವರ್ಷಾನುಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದನ್ನೂ, 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಡೆಯುವವರೆಗೆ ನಡೆದ ಹೋರಾಟವನ್ನೂ ಕಂಡ ಊರಿನ ಹೆಣ್ಣುಮಗಳು ಗರ್ಭದ ವಿಷಯದಲ್ಲಿ ಹೆದರುವುದನ್ನು ನಾನು ಮೌಢ್ಯವೆಂದು ಕರೆಯಲಾರೆ. ಆದರೆ ಅಲ್ಲಿ ಸುರಿದದ್ದು ಕೀಟನಾಶಕ, ಅದನ್ನು ಯಾರ ಮೈಗೆ ಎಷ್ಟು ಸೇರಿತೆಂದು ಅಳೆದವರಿರಲಿಲ್ಲ. ನಿಮ್ಮ ಮಾತ್ರೆಗೆ ಅಳತೆಯಿದೆ, ಕಾರಣವಿದೆ, ಅದನ್ನು ಗರ್ಭಾವಸ್ಥೆಯಲ್ಲಿ ಸೇವಿಸಿದ ಬಹಳ ದೊಡ್ಡ ಸಂಖ್ಯೆಯ ತಾಯಂದಿರ ಮತ್ತು ಅವರ ಮಕ್ಕಳ ದಾಖಲೆಯಿದೆ.

ಆ ದಾಖಲೆ ಹೇಳುವುದನ್ನು ಮುಚ್ಚಿಡದೆ ಬರೆಯುತ್ತೇನೆ. ಅತ್ತೆಯವರು ಹೇಳಿದ್ದರಲ್ಲಿ ಅರ್ಧ ನಿಜ: ಮದ್ದು ಹೊಕ್ಕುಳಬಳ್ಳಿಯ ಮೂಲಕ ಮಗುವನ್ನು ತಲುಪುತ್ತದೆ. ಯಾವ ಮದ್ದನ್ನೂ ತೆಗೆದುಕೊಳ್ಳದ ತಾಯಂದಿರ ನೂರು ಮಕ್ಕಳಲ್ಲಿಯೂ ಎರಡು ಮೂರು ಮಕ್ಕಳು ಏನಾದರೊಂದು ಅಂಗದೋಷದೊಂದಿಗೆ ಹುಟ್ಟುತ್ತವೆ. ಸರ್ಟ್ರಲಿನ್ ಈ ಲೆಕ್ಕವನ್ನು ಗಮನಾರ್ಹವಾಗಿ ಏರಿಸಿದ್ದು ಕಂಡುಬಂದಿಲ್ಲ. ಹೆರಿಗೆಯವರೆಗೂ ಮಾತ್ರೆ ಸೇವಿಸಿದ ತಾಯಂದಿರ ಶಿಶುಗಳಲ್ಲಿ ಹತ್ತರಲ್ಲಿ ಎರಡು ಮೂರಕ್ಕೆ ಮೊದಲ ದಿನಗಳಲ್ಲಿ ಕೈಕಾಲು ನಡುಗುವುದು, ಕಾರಣವಿಲ್ಲದೆ ಅಳುವುದು, ಮೊಲೆ ಹಿಡಿಯಲು ತಡವರಿಸುವುದು ಕಾಣಿಸುತ್ತದೆ, ಮತ್ತು ಸಾಮಾನ್ಯವಾಗಿ ಕೆಲವು ದಿನಗಳಿಂದ ಎರಡು ವಾರದೊಳಗೆ ತಾನಾಗಿಯೇ ಇಳಿಯುತ್ತದೆ. ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಇಳಿಯದೆ ಉಸಿರಾಟಕ್ಕೆ ತೊಂದರೆಯಾಗುವ ಅಪರೂಪದ ಒಂದು ಸ್ಥಿತಿಯಿದೆ. ಸಾವಿರದಲ್ಲಿ ಎರಡು ಶಿಶುಗಳಿಗೆ ಬರುವಂಥದು, ಕೊನೆಯ ತಿಂಗಳುಗಳಲ್ಲಿ ಈ ವರ್ಗದ ಮದ್ದು ಸೇವಿಸಿದಾಗ ಸುಮಾರು ಮೂರಕ್ಕೆ ಬರುತ್ತದೆ. ಆದ್ದರಿಂದ ನವಜಾತ ಶಿಶುವನ್ನು ಒಂದೆರಡು ದಿನ ಕಣ್ಣಿಟ್ಟು ನೋಡುವ ವ್ಯವಸ್ಥೆಯಿರುವ ಆಸ್ಪತ್ರೆಯಲ್ಲಿಯೇ ಹೆರಿಗೆಯಾಗಲಿ.

ಇನ್ನು ‘ಮಗು ಮಂಕಾಗುತ್ತದೆ’ ಎಂಬ ಮಾತು. ಮದ್ದು ಸೇವಿಸಿದ ತಾಯಂದಿರ ಮಕ್ಕಳಲ್ಲಿ ಆಟಿಸಂ (ಇತರರೊಂದಿಗೆ ಬೆರೆಯುವ, ಮಾತಾಡುವ ಬೆಳವಣಿಗೆಯಲ್ಲಿನ ತೊಂದರೆ) ತುಸು ಹೆಚ್ಚು ಎಂದು ಹಳೆಯ ಕೆಲವು ಅಧ್ಯಯನಗಳು ಹೇಳಿದ್ದವು. ಆದರೆ ಮದ್ದು ಸೇವಿಸುವವರು ಖಿನ್ನತೆಯಿರುವವರೇ ತಾನೆ? ಮಕ್ಕಳಲ್ಲಿ ಕಂಡದ್ದು ಮದ್ದಿನ ಫಲವೋ, ಕಾಯಿಲೆಯ ಫಲವೋ, ವಂಶದ್ದೋ ಎಂದು ಬಿಡಿಸುವುದು ಹೇಗೆ? 2017ರಲ್ಲಿ ಸ್ವೀಡನ್ನಿನಲ್ಲೂ ಕೆನಡಾದ ಒಂಟಾರಿಯೊದಲ್ಲೂ ಸಂಶೋಧಕರು ಒಂದೇ ತಾಯಿಯ ಮಕ್ಕಳನ್ನು, ಅಂದರೆ ಮದ್ದು ಸೇವಿಸುತ್ತಿದ್ದಾಗ ಹುಟ್ಟಿದವರನ್ನೂ ಸೇವಿಸದಿದ್ದಾಗ ಹುಟ್ಟಿದವರನ್ನೂ, ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಆಟಿಸಂ ವಿಷಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿಯಲಿಲ್ಲ. ಹಾಗೆಂದು ಎಲ್ಲವೂ ಇತ್ಯರ್ಥವಾಗಿಲ್ಲ. ನಾರ್ವೆಯಲ್ಲಿ ಇದೇ ಕ್ರಮದಲ್ಲಿ ನಡೆದ ಅಧ್ಯಯನವೊಂದರಲ್ಲಿ, ಮದ್ದಿನ ಸಂಪರ್ಕವಿದ್ದ ಮೂರು ವರ್ಷದ ಮಕ್ಕಳಲ್ಲಿ ಆತಂಕದ ಲಕ್ಷಣಗಳು ಒಂದಿಷ್ಟು ಹೆಚ್ಚಾಗಿ ಕಂಡಿದ್ದವು. ಅದನ್ನು ಮರೆಮಾಚಿದರೆ ನಾಳೆ ಇನ್ನೆಲ್ಲೋ ಅರ್ಧ ಓದಿ ನೀವು ಮತ್ತೆ ಮಾತ್ರೆ ಬಚ್ಚಿಡುತ್ತೀರಿ.

ತಕ್ಕಡಿಯ ಇನ್ನೊಂದು ತಟ್ಟೆಯನ್ನು ನಮ್ಮ ಕಡೆ ಯಾರೂ ನೋಡುವುದಿಲ್ಲ. ಚಿಕಿತ್ಸೆಯಿಲ್ಲದ ಖಿನ್ನತೆಯಲ್ಲಿ ತಾಯಿಯ ಊಟ, ನಿದ್ರೆ, ತಪಾಸಣೆ ಮೂರೂ ತಪ್ಪುತ್ತವೆ, ಅವಧಿಗೆ ಮುಂಚಿನ ಹೆರಿಗೆ ಮತ್ತು ಕಡಿಮೆ ತೂಕದ ಮಗುವಿನ ಸಂಭವ ಹೆಚ್ಚುತ್ತದೆ, ಬಾಣಂತನದಲ್ಲಿ ಕಾಯಿಲೆ ಉಲ್ಬಣಿಸುತ್ತದೆ. ಅಮೆರಿಕದಲ್ಲಿ 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹಿಂದೆ ತೀವ್ರ ಖಿನ್ನತೆಯಿದ್ದ ಗರ್ಭಿಣಿಯರ ಪೈಕಿ ಮದ್ದು ನಿಲ್ಲಿಸಿದವರಲ್ಲಿ ನೂರಕ್ಕೆ 68 ಮಂದಿಗೆ ಕಾಯಿಲೆ ಮರುಕಳಿಸಿದರೆ, ಮುಂದುವರಿಸಿದವರಲ್ಲಿ 26 ಮಂದಿಗೆ ಮರುಕಳಿಸಿತ್ತು. ಇವರು ದೊಡ್ಡ ಆಸ್ಪತ್ರೆಗಳಿಗೆ ಬಂದ, ಕಾಯಿಲೆ ಜೋರಾಗಿದ್ದ ಹೆಂಗಸರಾದ್ದರಿಂದ ಎಲ್ಲರಿಗೂ ಇದೇ ಲೆಕ್ಕ ಹೊಂದಲಿಕ್ಕಿಲ್ಲ. ಆದರೆ ನಿಮ್ಮ ಪತ್ರದಲ್ಲಿ ಮರುಕಳಿಕೆ ಈಗಾಗಲೇ ಕಾಣುತ್ತಿದೆ.

ಹುಟ್ಟಿದ ಮೇಲೆ ಮಗುವಿನ ಭಾವಜೀವನ ಬೆಳೆಯುವುದು ಹೇಗೆಂಬುದನ್ನು ಎಡ್ವರ್ಡ್ ಟ್ರಾನಿಕ್ ಎಂಬ ಅಮೆರಿಕದ ಮನೋವಿಜ್ಞಾನಿ 1970ರ ದಶಕದಲ್ಲಿ ಸರಳವಾದ ಪ್ರಯೋಗವೊಂದರಿಂದ ತೋರಿಸಿದರು. ತಾಯಿ ಕೆಲವೇ ತಿಂಗಳ ಕೂಸಿನ ಎದುರು ಕುಳಿತು ಆಡಿಸುತ್ತಾಳೆ. ಬಳಿಕ ಒಂದೆರಡು ನಿಮಿಷ ಮುಖದಲ್ಲಿ ಯಾವ ಭಾವವನ್ನೂ ತೋರಿಸದೆ ಸುಮ್ಮನೆ ನೋಡುತ್ತಾಳೆ. ಕೂಸು ಮೊದಲು ನಗುತ್ತದೆ, ಕೈ ಚಾಚುತ್ತದೆ, ಸದ್ದು ಮಾಡುತ್ತದೆ, ತನಗೆ ಗೊತ್ತಿರುವ ಆಟವನ್ನೆಲ್ಲ ಹೂಡಿ ನೋಡುತ್ತದೆ. ಉತ್ತರ ಬಾರದಿದ್ದಾಗ ಮುಖ ತಿರುಗಿಸಿ ಕುಗ್ಗುತ್ತದೆ. ತೀವ್ರ ಖಿನ್ನತೆಯಲ್ಲಿರುವ ತಾಯಿಗೆ, ಎಷ್ಟೇ ಪ್ರೀತಿಯಿದ್ದರೂ, ಮಗುವನ್ನು ಮೀಯಿಸುವಾಗ ಎರಡು ಮಾತಾಡುವಷ್ಟು ಕಸುವು ಇರುವುದಿಲ್ಲ. ಇದನ್ನು ಓದಿ ಇನ್ನೊಂದು ತಪ್ಪನ್ನು ತಲೆಯ ಮೇಲೆ ಹೊತ್ತುಕೊಳ್ಳಬೇಡಿ. ಅದೇ ಪ್ರಯೋಗದಲ್ಲಿ ತಾಯಿ ಮತ್ತೆ ನಕ್ಕೊಡನೆ ಕೂಸು, ಒಂದಿಷ್ಟು ಮುನಿಸಿನ ನಂತರ, ಅವಳತ್ತ ಮರಳುತ್ತದೆ.

ನಿಮ್ಮ ಪ್ರಶ್ನೆಗೆ ನನ್ನ ನೇರ ಉತ್ತರ: ಈ ಮದ್ದಿಗಿಂತ ಈಗಿನ ನಿಮ್ಮ ಸ್ಥಿತಿಯೇ ಮಗುವಿಗೂ ನಿಮಗೂ ಹೆಚ್ಚು ಕೆಡುಕು. ಆದರೆ ಡಬ್ಬಿಯಿಂದ ಸ್ಟ್ರಿಪ್ಪು ತೆಗೆದು ನೀವಾಗಿಯೇ ಆರಂಭಿಸಬೇಡಿ. ಮೂರು ವಾರ ಬಿಟ್ಟಿರುವುದರಿಂದ ಎಷ್ಟರಿಂದ ಶುರುಮಾಡಿ ಹೇಗೆ ಏರಿಸಬೇಕೆಂಬುದನ್ನು ವೈದ್ಯರು ಹೇಳಲಿ. ಕೊನೆಯ ತಿಂಗಳುಗಳಲ್ಲಿ ಮೈಯಲ್ಲಿ ರಕ್ತ, ನೀರು ಹೆಚ್ಚುವುದರಿಂದ ಮೊದಲಿನ ಪ್ರಮಾಣ ಸಾಲದೆಯೂ ಹೋಗಬಹುದು. ಎದೆಹಾಲಿಗೆ ಸೇರುವ ಸರ್ಟ್ರಲಿನ್ ತೀರಾ ಅಲ್ಪ, ಹಾಲುಣಿಸುವುದಕ್ಕೆ ಅದು ಅಡ್ಡಿಯಲ್ಲ.

ಗಡಿನಾಡಿನವರಿಗೆ ಒಂದು ಮಾತು ಹೆಚ್ಚಿಗೆ ಹೇಳಬೇಕು. ಹೆರಿಗೆ ಡಾಕ್ಟರು ಕಾಸರಗೋಡಿನಲ್ಲಿ, ಮನಸ್ಸಿನ ಡಾಕ್ಟರು ತಲಪಾಡಿ ಗಡಿಯಾಚೆ ಮಂಗಳೂರಿನಲ್ಲಿ, ಮನೆಗೆ ಬರುವ ಸಿಸ್ಟರು ಬರೆಯುವುದು ಮಲಯಾಳದಲ್ಲಿ. ಒಬ್ಬರ ಚೀಟಿ ಇನ್ನೊಬ್ಬರ ಕಣ್ಣಿಗೆ ಬೀಳುವುದೇ ಇಲ್ಲ. ಮಾತ್ರೆಯ ಹೆಸರನ್ನೂ ಪ್ರಮಾಣವನ್ನೂ ನಿಮ್ಮ ತಾಯಿ ಕಾರ್ಡಿನಲ್ಲೇ ಬರೆಸಿಕೊಳ್ಳಿ. ಮುಂದಿನ ಸಲ ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಥೈರಾಯ್ಡ್ ಮಾತ್ರೆಯನ್ನು ಯಾರೂ ಅಕ್ಕಿಯಲ್ಲಿ ಹೂತಿಡುವುದಿಲ್ಲ ಎಂಬುದನ್ನು ನಿಮಗಿಂತ ವೈದ್ಯರೇ ಅವರಿಗೆ ಚೆನ್ನಾಗಿ ಹೇಳಿಯಾರು. ಬದುಕು ಸಾಕೆಂಬ ಯೋಚನೆ ಸುಳಿದರೆ ಒಂದು ದಿನವೂ ಕಾಯದೆ ಮನೆಯವರಿಗೆ ತಿಳಿಸಿ ಆಸ್ಪತ್ರೆಗೆ ಹೋಗಿ. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡವನ್ನು ಆರಿಸಿಕೊಂಡು ಮಾತಾಡಬಹುದು.

ಪ್ರಶ್ನೆ: ನನ್ನ ಹೆಂಡತಿಗೆ ಬೈಪೋಲಾರ್ ಕಾಯಿಲೆ (ಕೆಲಕಾಲ ಅತಿ ಉತ್ಸಾಹ, ಕೆಲಕಾಲ ಖಿನ್ನತೆ). ನಾಲ್ಕು ವರ್ಷದಿಂದ ವಾಲ್‌ಪ್ರೊಯೇಟ್ ಮಾತ್ರೆಯಲ್ಲಿ ಆರೋಗ್ಯವಾಗಿದ್ದಾಳೆ. ಮಗು ಬೇಕೆಂದಿದ್ದೇವೆ. ಬಸುರಾದ ಮೇಲೆ ಮದ್ದು ಬದಲಾಯಿಸಿದರೆ ಸಾಕೆ? (ಓದುಗರು, ಮಂಜೇಶ್ವರ)

ಉತ್ತರ: ಸಾಲದು. ಮೇಲಿನ ಪತ್ರಕ್ಕೆ ಬರೆದದ್ದನ್ನು ದಯವಿಟ್ಟು ಈ ಮದ್ದಿಗೆ ಅನ್ವಯಿಸಬೇಡಿ. ಮನಸ್ಸಿನ ಮದ್ದುಗಳೆಲ್ಲ ಒಂದೇ ಜಾತಿಯವಲ್ಲ. ಗರ್ಭದಲ್ಲಿ ವಾಲ್‌ಪ್ರೊಯೇಟ್ ಸೋಕಿದ ನೂರು ಮಕ್ಕಳಲ್ಲಿ ಸುಮಾರು ಹತ್ತಕ್ಕೆ ದೊಡ್ಡ ಅಂಗದೋಷ, ಮೂವತ್ತರಿಂದ ನಲವತ್ತಕ್ಕೆ ಮಾತು, ಕಲಿಕೆ, ನಡವಳಿಕೆಗಳ ಬೆಳವಣಿಗೆಯಲ್ಲಿ ತೊಂದರೆ ಕಂಡಿದೆ. ಮಗುವಿನ ಬೆನ್ನುಹುರಿಯ ನಾಳ ಮುಚ್ಚಿಕೊಳ್ಳುವುದು ಗರ್ಭ ನಿಂತ ಮೊದಲ ನಾಲ್ಕು ವಾರಗಳಲ್ಲಿ. ಮುಟ್ಟು ತಪ್ಪಿ, ಬಸಿರು ಖಚಿತವಾಗಿ, ನೀವು ವೈದ್ಯರನ್ನು ಕಾಣುವ ಹೊತ್ತಿಗೆ ಆ ಕೆಲಸ ಬಹುಪಾಲು ಮುಗಿದಿರುತ್ತದೆ. ಫಾಲಿಕ್ ಆಸಿಡ್ ಮಾತ್ರೆ ಬೇಕು, ಆದರೆ ಅದರಿಂದ ಈ ಅಪಾಯ ಅಳಿಯುವುದಿಲ್ಲ. ಸ್ಟ್ರಿಪ್ಪಿನ ಮೇಲೆ ಡೈವಾಲ್‌ಪ್ರೊಯೆಕ್ಸ್ ಎಂದಿದ್ದರೂ ಅದು ಇದೇ ಮದ್ದು.

ಒಮ್ಮೆಲೇ ನಿಲ್ಲಿಸಿದರೆ ಕಾಯಿಲೆ ಕೆರಳುತ್ತದೆ. ಲ್ಯಾಮೊಟ್ರಿಜಿನ್, ಕ್ವೆಟಿಯಾಪಿನ್, ರಕ್ತದ ಮಟ್ಟವನ್ನು ಆಗಾಗ ನೋಡಿಕೊಂಡು ಕೊಡುವ ಲಿಥಿಯಂ ಮುಂತಾದ ದಾರಿಗಳಿವೆ. ನಿಮ್ಮ ಹೆಂಡತಿಗೆ ಯಾವುದು ಹೊಂದುವುದೆಂದು ಅವರ ವೈದ್ಯರು ನಿರ್ಧರಿಸಬೇಕು. ಹೆರಿಗೆಯ ನಂತರದ ಮೊದಲ ವಾರಗಳಲ್ಲಿ ಈ ಕಾಯಿಲೆ ಮರುಕಳಿಸುವುದು ಹೆಚ್ಚು, ನಿದ್ರೆಗೆಟ್ಟರೆ ಇನ್ನೂ ಹೆಚ್ಚು. ಆದ್ದರಿಂದ ಬಾಣಂತನದಲ್ಲಿ ರಾತ್ರಿ ಮಗುವನ್ನು ಎತ್ತಿಕೊಳ್ಳುವವರು ಯಾರೆಂದು ಈಗಲೇ ಮಾತಾಡಿಟ್ಟುಕೊಳ್ಳಿ, ಆ ಪಟ್ಟಿಯಲ್ಲಿ ನಿಮ್ಮ ಹೆಸರೂ ಇರಲಿ. ಒಂದು ವೇಳೆ ಜೋರಾದರೆ ತಾಯಿ ಮಗುವನ್ನು ಅಗಲಿಸದೆ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ನೀಡುವ ವಿಭಾಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ಇದೆ. ಮೊದಲು ವೈದ್ಯರನ್ನು ಕಂಡು ಮದ್ದು ಬದಲಾಗಲಿ, ಹೊಸ ಮದ್ದಿನಲ್ಲಿ ಕೆಲವು ತಿಂಗಳು ಆಕೆಯ ಮನಸ್ಸು ಸ್ಥಿಮಿತದಲ್ಲಿರಲಿ, ಅಲ್ಲಿಯವರೆಗೆ ಗರ್ಭನಿರೋಧಕವನ್ನು ಬಿಡಬೇಡಿ.