1992ಕ್ಕಿಂತ ಮೊದಲು ಸೇನೆಯಲ್ಲಿ ಹೆಂಗಸರು ಇದ್ದರಾ? ನಮ್ಮಜ್ಜಿ ಇದ್ದರು

ನೀವು ಕೇಳಿದ್ದು: 1992ರಲ್ಲಿ ಭಾರತದ ಸೇನೆ ಹೆಂಗಸರನ್ನು ಸೇರಿಸಿಕೊಳ್ಳಲು ಶುರು ಮಾಡಿತು ಅಂತಾರೆ, ಅದಕ್ಕಿಂತ ಮೊದಲು ಯಾರೂ ಇರಲಿಲ್ಲವೇ, ನಿಮ್ಮ ಮನೆಯಲ್ಲಿ ಯಾರಾದರೂ ಇದ್ದರೇ?

ಇದ್ದರು. ನಮ್ಮಜ್ಜಿ, ಅಂದರೆ ಅಪ್ಪನ ಅಮ್ಮ, ಕ್ಯಾಪ್ಟನ್ ಆಗಿದ್ದರು. ಹೋದ ವರ್ಷ ತೀರಿಕೊಂಡರು. ಸಕಲೇಶಪುರದ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಊರಲ್ಲಿ ಅರ್ಧ ಜನ ಇವತ್ತಿಗೂ ನಮ್ಮಜ್ಜನನ್ನೇ ಮಿಲಿಟರಿಯವರು ಅಂದುಕೊಂಡಿದ್ದಾರೆ. ಅಜ್ಜನಿಗೋ ಹಾಸನದವರೆಗೆ ಹೋಗಿಬರುವುದೂ ಬೇಜಾರು!

1992ರಲ್ಲಿ ಬಾಗಿಲು ತೆರೆದದ್ದು ವೈದ್ಯಕೀಯ ಬಿಟ್ಟು ಬೇರೆ ವಿಭಾಗಗಳಿಗೆ. ಮಿಲಿಟರಿ ನರ್ಸಿಂಗ್ ಸರ್ವಿಸ್ ಅದಕ್ಕಿಂತ ಎಷ್ಟೋ ಹಳೆಯದು. 1926ರಲ್ಲೇ ಅದು ಕಾಯಂ ಸೇವೆ ಆಯಿತು. 1943ರ ಸುಗ್ರೀವಾಜ್ಞೆ ಬಂದ ಮೇಲೆ ಅಲ್ಲಿನ ನರ್ಸ್‌ಗಳಿಗೆ ಅಧಿಕಾರಿಗಳ ದರ್ಜೆಯೂ ಸಿಕ್ಕಿತು. ಲೆಫ್ಟಿನೆಂಟ್, ಕ್ಯಾಪ್ಟನ್, ಮೇಜರ್, ಎಲ್ಲ ಅದೇ ಹೆಸರು, ಭುಜದ ಮೇಲೆ ಅದೇ ನಕ್ಷತ್ರ. ಹಾಗಾಗಿ 'ಬರೀ ನರ್ಸ್ ತಾನೇ' ಅನ್ನುವವರನ್ನು ಕಂಡರೆ ನನಗೆ ಸ್ವಲ್ಪ ಮೈ ಉರಿಯುತ್ತದೆ. ಅಜ್ಜಿಗೆ ಉರಿಯುತ್ತಿರಲಿಲ್ಲ. ಅಂಥವರಿಗೆ ಕಾಫಿ ಕೊಟ್ಟು ಕಳಿಸುತ್ತಿದ್ದರು.

ಬೆಂಗಳೂರಿನಲ್ಲಿ ನರ್ಸಿಂಗ್ ಓದಿದರು. ಮನೆಯಲ್ಲಿ ಅದಕ್ಕೇ ದೊಡ್ಡ ಗಲಾಟೆ ಆಗಿತ್ತಂತೆ. ಓದು ಮುಗಿಸಿ ಸೇನೆಗೆ ಅರ್ಜಿ ಹಾಕಿದ್ದನ್ನು ಯಾರಿಗೂ ಹೇಳಲೇ ಇಲ್ಲ. 1971ರ ಡಿಸೆಂಬರ್ 3ರ ಸಂಜೆ ಪಾಕಿಸ್ತಾನದ ವಿಮಾನಗಳು ಪಂಜಾಬಿನ ಪಠಾಣ್‌ಕೋಟ್ ವಿಮಾನ ನೆಲೆ ಮೇಲೆ ಬಾಂಬ್ ಹಾಕಿದಾಗ ಅಜ್ಜಿ ಅದೇ ಊರಿನ ಮಿಲಿಟರಿ ಆಸ್ಪತ್ರೆಯಲ್ಲಿದ್ದರು. ಆಮೇಲೆ ಗಡಿಯಾಚೆ ಪಾಕಿಸ್ತಾನದಲ್ಲಿರುವ ಶಕರಗಢದ ಕಡೆಯಿಂದ ಗಾಯಾಳುಗಳು ಬರತೊಡಗಿದರು. ಅಲ್ಲಿ ನೆಲದ ತುಂಬ ಮೈನ್ ಹೂತಿದ್ದರು. ಕಾಲಿಗೆ ಪೆಟ್ಟಾದವರೇ ಜಾಸ್ತಿ. 'ಬೂಟು ಬಿಚ್ಚೋಕೆ ಹೋಗಬಾರದು, ಕತ್ತರಿಸಬೇಕು. ನನ್ನ ಕತ್ತರಿ ಮೊಂಡಾಗಿತ್ತು, ಪಕ್ಕದವಳದ್ದು ಕದ್ದೆ' ಅನ್ನುತ್ತಿದ್ದರು. ಯುದ್ಧದ ಬಗ್ಗೆ ಅವರು ಹೇಳುತ್ತಿದ್ದುದೆಲ್ಲ ಹೀಗೇ. ಕತ್ತರಿ, ಬ್ಯಾಂಡೇಜು, ಚಹಾ ಸಿಗದ ರಾತ್ರಿ. ಸತ್ತವರ ಮಾತು ಎತ್ತುತ್ತಿರಲಿಲ್ಲ, ನಾವೂ ಕೇಳುತ್ತಿರಲಿಲ್ಲ.

1978ರಲ್ಲಿ ಮದುವೆ. ಅವರಿಗೆ ಆಗ 33. ಅಜ್ಜನೂ ಮದುವೆಯೇ ಬೇಡ ಅಂತ ಕೂತಿದ್ದವರು. 1977ರ ಸೇನಾ ಆದೇಶದ ಪ್ರಕಾರ ನರ್ಸಿಂಗ್ ಅಧಿಕಾರಿ ಮದುವೆಯಾದರೆ ಅವರ ಸೇವೆ ಕೊನೆಗೊಳಿಸಬಹುದಿತ್ತು. ಅದು 1995ರವರೆಗೂ ಜಾರಿಯಲ್ಲಿತ್ತು. ಗಂಡಸರಿಗೆ ಇಂಥ ನಿಯಮ ಇರಲಿಲ್ಲ ಅಂತ ಬೇರೆ ಹೇಳಬೇಕಾ? ಅಜ್ಜಿ ಎಲ್ಲ ತಿಳಿದೇ ತಾಳಿ ಕಟ್ಟಿಸಿಕೊಂಡು ಸಕಲೇಶಪುರಕ್ಕೆ ಬಂದರು. ಪಿಂಚಣಿಗೆ ಬೇಕಾದ 20 ವರ್ಷ ಆಗಿರಲಿಲ್ಲ, ಹಾಗಾಗಿ ಅದೂ ಇಲ್ಲ.

ಒಮ್ಮೆ ಯಾವುದೋ ದಾಖಲೆಗೆ ಅಂತ ಒಂದು ಕಚೇರಿಗೆ ಹೋಗಿದ್ದೆವು. ಗುಮಾಸ್ತರು ತಲೆ ಎತ್ತದೆ 'ಯಜಮಾನ್ರ ಸರ್ವಿಸ್ ಪೇಪರ್ ತನ್ನಿ ಅಮ್ಮಾ' ಅಂದರು. ಅಜ್ಜಿ ಚೀಲದಿಂದ ಪದಕ ತೆಗೆದು ಮೇಜಿನ ಮೇಲಿಟ್ಟರು. ನಮ್ಮ ಸೇನಾ ಪದಕಗಳ ಅಂಚಿನಲ್ಲಿ ಪಡೆದವರ ನಂಬರು, ಹೆಸರು ಕೆತ್ತಿರುತ್ತಾರೆ. ಸಣ್ಣ ಅಕ್ಷರ, ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣುತ್ತದೆ. 'ಓದಿ ನೋಡಿ. ಯಜಮಾನ್ರು ಕಾಫಿ ಬೆಳೆಗಾರರು' ಅಂದರು. ಅವರು ಓದಿದರು, ಕುರ್ಚಿ ಹಾಕಿಸಿದರು. ಕೆಲಸ ಮಾತ್ರ ಅವತ್ತೂ ಆಗಲಿಲ್ಲ ಬಿಡಿ.

ತೋಟದ ಮನೆಗೆ ಬಂದ ಮೇಲೂ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಜೀಪ್ ಓಡಿಸುತ್ತಿದ್ದರು. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ರೈಲು ಹಳಿ ಗೊತ್ತಲ್ಲ, 57 ಸುರಂಗ, 109 ಸೇತುವೆ. ಗೇಜ್ ಬದಲಿಸಲು 1996ರಲ್ಲಿ ರೈಲು ನಿಲ್ಲಿಸಿದರು. ಆಗ ಅಜ್ಜಿ ಪಿಯುಸಿ ಓದುತ್ತಿದ್ದ ಅಪ್ಪನನ್ನು ಕರೆದುಕೊಂಡು ದೋಣಿಗಾಲ್‌ನಿಂದ ಎಡಕುಮೇರಿಗೆ ಹಳಿ ಮೇಲೇ ನಡೆದರು. ಸೀರೆ, ಕ್ಯಾನ್ವಾಸ್ ಶೂ, ಕಟ್ಟಿಕೊಂಡ ಅಕ್ಕಿರೊಟ್ಟಿ. ಸುರಂಗದೊಳಗೆ ಅಪ್ಪ ಟಾರ್ಚನ್ನು ಮುಂದಕ್ಕೆ ಬಿಟ್ಟರೆ ಬೈಯುತ್ತಿದ್ದರಂತೆ. ಬೆಳಕು ಕಾಲಬುಡಕ್ಕೇ ಇರಬೇಕು. ಶತ್ರು ವಿಮಾನಕ್ಕೆ ಬೆಳಕು ಕಾಣಬಾರದು ಅನ್ನುವ ಯುದ್ಧಕಾಲದ ಬ್ಲ್ಯಾಕೌಟ್ ಅಭ್ಯಾಸ! (ನೀವು ಹೋಗಬೇಡಿ. ಈಗ ರೈಲು ಓಡುತ್ತದೆ, ಹಳಿ ಮೇಲೆ ನಡೆಯಲು ಬಿಡುವುದಿಲ್ಲ.)

ನಾನೇ ಕಣ್ಣಾರೆ ಕಂಡದ್ದು ಒಂದು ಹೇಳುತ್ತೇನೆ. ಮೆಣಸು ಕೊಯ್ಯುವಾಗ ಏಣಿ ಜಾರಿ ಆಳೊಬ್ಬರು ಬಿದ್ದರು. ಮೊಣಕಾಲ ಕೆಳಗೆ ಮುರಿದಿತ್ತು. ನಾಲ್ಕು ಜನ ಎತ್ತಲು ಹೊರಟರು. ಅಜ್ಜಿ ಒಂದೇ ಸಲ ಗದರಿದ್ದು, ಎಲ್ಲರೂ ಅಲ್ಲೇ ನಿಂತರು. ಎರಡು ಅಡಿಕೆ ದಬ್ಬೆ ತರಿಸಿದರು. ಯಾರೋ ಹಗ್ಗ ಕೊಟ್ಟರೆ ಎಸೆದು 'ಅಗಲದ ಬಟ್ಟೆ ಕೊಡಿ' ಅಂದರು. ಕಟ್ಟಿದ ಮೇಲೆ ಕಾಲಿನ ಹೆಬ್ಬೆರಳ ಉಗುರು ಒತ್ತಿ ಬಿಟ್ಟು, ಕೆಂಪು ವಾಪಸ್ ಬರುತ್ತದಾ ಅಂತ ನೋಡಿದರು. ಬರುವುದು ತಡವಾಯಿತು. ಬಿಚ್ಚಿ, ಸ್ವಲ್ಪ ಸಡಿಲ ಮಾಡಿ ಮತ್ತೆ ಕಟ್ಟಿದರು. ಅಷ್ಟಾದ ಮೇಲೇ ಜೀಪಿಗೆ ಹತ್ತಿಸಿದ್ದು. ಆಗ ಅವರಿಗೆ 70 ದಾಟಿತ್ತು.

2024ರ ಫೆಬ್ರವರಿಯಲ್ಲಿ ಪೇಪರ್‌ನಲ್ಲಿ ಒಂದು ಸುದ್ದಿ ಬಂತು. ಮದುವೆಯಾದ ಕಾರಣಕ್ಕೆ 1988ರಲ್ಲಿ ಕೆಲಸ ಕಳೆದುಕೊಂಡಿದ್ದ ನರ್ಸಿಂಗ್ ಅಧಿಕಾರಿಯೊಬ್ಬರಿಗೆ 60 ಲಕ್ಷ ರೂಪಾಯಿ ಕೊಡಿ ಅಂತ ಸುಪ್ರೀಂ ಕೋರ್ಟು ಹೇಳಿತ್ತು. ಅಜ್ಜಿ ಕನ್ನಡಕ ಒರೆಸಿಕೊಂಡು ಎರಡೆರಡು ಸಲ ಓದಿದರು. 'ಇಷ್ಟು ವರ್ಷ ಅಲೆದಳಲ್ಲ, ಗಟ್ಟಿಗಿತ್ತಿ' ಅಂದರು. 'ನೀನೂ ಕೇಸ್ ಹಾಕಬೇಕಿತ್ತು ಅಜ್ಜಿ' ಅಂತ ಕೆಣಕಿದೆ. 'ಗೆದ್ದು, ಅವರು ವಾಪಸ್ ಕರೆದಿದ್ದರೆ ಹೊರಟೇಬಿಡ್ತಿದ್ದೆ ಕಣೋ. ನಿಮ್ಮಜ್ಜಂಗೆ ರೊಟ್ಟಿ ತಟ್ಟೋಕೂ ಬರಲ್ಲ' ಅಂದರು.